ಕೊಕ್ಕು ಕೊಯ್ದ ಮುಖ

ಮಗಳು ಮಾಲ್‌ನಿಂದ ತಂದ ಕ್ರೀಮಿನ ಡಬ್ಬಿ ತೆರೆದಳು. ಹೊಗೆ ಹಿಡಿದ ತುಪ್ಪದಂಥ ವಾಸನೆ. ಆಫ್ರಿಕಾದ ಶಿಯಾ ಬೆಣ್ಣೆಯಂತೆ, ಚರ್ಮಕ್ಕೆ ಒಳ್ಳೆಯದಂತೆ. ನನಗೆ ಮಾತ್ರ ಮರದ ಒಂದು ಮುಖ ನೆನಪಾಯಿತು. ಹಿಂದೆಯೇ ಸಿಟ್ಟು ಬಂತು, ಇಷ್ಟು ವರ್ಷವಾದರೂ ಹಳಸದ ಸಿಟ್ಟು.

ತೊಂಬತ್ತರ ದಶಕ, ನಾನು ಗಲ್ಫಿನಲ್ಲಿದ್ದ ಕಾಲ. ದಾರ್ಸೈಟ್‌ನ ಕಂಪನಿ ಕಟ್ಟಡದಲ್ಲಿ ನನ್ನ ಕೆಳಗಿನ ಕೋಣೆಯಲ್ಲಿದ್ದವ ನಮ್ಮ ಕಂಪನಿಯ ಬಸ್ ಡ್ರೈವರ್. ಘಾನಾ ದೇಶದವ, ಲಿಗ್ಬಿ ಎಂಬ ಸಣ್ಣದೊಂದು ಮುಸ್ಲಿಂ ಸಮುದಾಯದವ. ನಾನೋ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಹತ್ತಿದ ಮೇಲೂ ಇಳಿದು ಓಡುವ ಜಾತಿ. ಅವನು ಹಾರ್ನ್ ಹೊಡೆದು, "ಯಲ್ಲಾ ಗ್ಯಾಸ್ ಮಂತ್ರಿ! ಕಟ್ಟಡ ಇನ್ನೂ ನಿಂತಿದೆ, ಬಾ!" ಎಂದು ತನ್ನ ಹರುಕು ಹಿಂದಿಯಲ್ಲಿ ಕೂಗುತ್ತಿದ್ದ. ಇಡೀ ಬಸ್ಸು ನಗುತ್ತಿತ್ತು. ನಾನೂ ನಗುತ್ತಿದ್ದೆ, ಸ್ವಲ್ಪ ತಡವಾಗಿ.

ಅವನ ಮಂಚದಡಿ ಬಟ್ಟೆ ಸುತ್ತಿದ ಒಂದು ಮರದ ಮುಖವಾಡವಿತ್ತು. ಅರೆಮುಚ್ಚಿದ ಕಣ್ಣು, ಮಂಗಟ್ಟೆ ಹಕ್ಕಿಗಿರುವಂತೆ ಮುಂದಕ್ಕೆ ಬಾಗಿದ ಉದ್ದನೆಯ ಕೊಕ್ಕು. ಆಗಾಗ ತೆಗೆದು ಅದಕ್ಕೆ ಇದೇ ಶಿಯಾ ಬೆಣ್ಣೆ ತಿಕ್ಕುತ್ತಿದ್ದ. ಅವರಲ್ಲಿ ಈದ್ ನಮಾಜು ಮುಗಿದ ಮೇಲೆ ಇಮಾಮರ ಮನೆಯ ಮುಂದೆಯೇ ಇಂಥ ಮುಖ ಕಟ್ಟಿ ಕುಣಿಯುತ್ತಾರಂತೆ. ಅವನ ಅಪ್ಪ ಕಟ್ಟುತ್ತಿದ್ದದ್ದು ಇದು. ಅಪ್ಪ ಸತ್ತ ಮೇಲೆ, ಊರಲ್ಲಿ ಬಿಟ್ಟರೆ ಯಾರಾದರೂ ವ್ಯಾಪಾರಿಗೆ ಮಾರಿಯಾರೆಂದು ಹೊತ್ತು ತಂದಿದ್ದ. ಬರುವ ಈದ್‌ಗೆ ರಜೆಯಲ್ಲಿ ಹೋಗಿ ಮಗನಿಗೆ ಕಟ್ಟಬೇಕು, ಅದೊಂದೇ ಅವನ ಜಪ.

ನಮ್ಮ ಮ್ಯಾನೇಜರ್ ಉಡುಪಿ ಕಡೆಯವರು. ಅಲ್ಲಿನ ಕನ್ನಡ ಸಂಘದ ನಾಟಕದಲ್ಲಿ ಕಾಡಿನ ದೃಶ್ಯಕ್ಕೆ ಬೇಕೆಂದು ಎರಡು ದಿನದ ಮಟ್ಟಿಗೆ ಮುಖವಾಡ ಕೇಳಿದರು. ರಜೆಗೆ ಸಹಿ ಹಾಕುವವರು ಕೇಳಿದರೆ ಡ್ರೈವರ್ ಇಲ್ಲ ಅನ್ನುತ್ತಾನೆಯೇ? ಕೊಟ್ಟ. ನಾಟಕ ಮುಗಿಯಿತು, ಮುಖವಾಡ ಬರಲಿಲ್ಲ... "ನಾಳೆ, ನಾಳೆ" ಎನ್ನುತ್ತಲೇ ರಂಜಾನ್ ಬಂತು.

ಕೊನೆಗೆ ನಾವಿಬ್ಬರೂ ಅವರ ಮನೆಗೇ ಹೋದೆವು. ದಾರಿಯುದ್ದಕ್ಕೂ ನಾನು ಸಿಟ್ಟಿನ ಮಾತು ಕಟ್ಟಿಕೊಂಡೆ, ಬಾಗಿಲು ತೆರೆದೊಡನೆ ಬಾಯಿಂದ ಹೊರಟದ್ದು "ಸಾರಿ ಸರ್, ತೊಂದರೆ ಕೊಟ್ಟೆವು."

ಹಾಲ್‌ನ ಒಂದು ಗೋಡೆಯಲ್ಲಿ ಅವರ ಕುಟುಂಬದ ದೈವದ ಫೋಟೋ, ಮುಂದೆ ದೀಪ, ಮಲ್ಲಿಗೆ. ಎದುರು ಗೋಡೆಯಲ್ಲಿ, ಸೋಫಾದ ಮೇಲೆ, ಮುಖವಾಡ. ಕೊಕ್ಕಿರಲಿಲ್ಲ. ಬುಡಕ್ಕೇ ಕೊಯ್ದು, ಮೇಲೆ ವಾರ್ನಿಷ್ ಬಳಿದಿದ್ದರು.

"ಮಕ್ಕಳ ತಲೆಗೆ ತಾಗ್ತದೆ ಮಾರಾಯ, ಕಾರ್ಪೆಂಟರ್‌ಗೆ ಹೇಳಿ ತೆಗೆಸಿದೆ," ಅಂದರು. "ಈಗ ನೋಡು, ಎಷ್ಟು ಚಂದ ಕೂತಿದೆ."

ಡ್ರೈವರ್ ದೀಪದ ಕಡೆ ಕೈ ತೋರಿಸಿ, "ಅದು ಯಾರು?" ಎಂದು ಕೇಳಿದ.

"ನಮ್ಮ ದೈವ. ಹಿರಿಯರ ಕಾಲದ್ದು. ಅಲ್ಲಿ ಚಪ್ಪಲಿ ಹಾಕಿ ನಿಲ್ಲಬಾರದು."

"ಅದು ಯಾರ ತಲೆಗೂ ತಾಗಲಿಲ್ಲವೇ?"

ಮ್ಯಾನೇಜರ್ ನನ್ನತ್ತ ತಿರುಗಿದರು. "ಎಂತ ಹೇಳ್ತಾನೆ ಇವ? ಒಂದು ಮರದ ತುಂಡಿಗೆ ಇಷ್ಟು ರಂಪ ಎಂತಕ್ಕೆ? ಮುತ್ರಾ ಸೂಕ್‌ನ ಅಂಗಡಿಗಳಲ್ಲಿ ಇಂಥದ್ದು ಬೇಕಾದಷ್ಟು ಸಿಗ್ತದೆ."

"ಅದು ಮರದ ತುಂಡಾದರೆ ಈ ಫೋಟೋ ಕಾಗದದ ತುಂಡು ಸರ್," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕೊನೆಯಲ್ಲಿ 'ಸರ್' ಇದ್ದುದರಿಂದಷ್ಟೇ ನಾನೇ ಎಂದು ಗೊತ್ತಾಯಿತು. ಮ್ಯಾನೇಜರ್ ಕೆಂಪಾದರು. ಡ್ರೈವರ್ ಸೋಫಾ ಹತ್ತಿ ಮುಖವಾಡ ಇಳಿಸಿ, ಅಂಗಿ ಬಿಚ್ಚಿ ಅದರಲ್ಲಿ ಸುತ್ತಿದ. ಬನಿಯನ್‌ನಲ್ಲೇ ಮೆಟ್ಟಿಲಿಳಿದ.

ಈದ್‌ಗೆ ಮೊದಲು ಅವನನ್ನು ಕಳಿಸಿದರು, ರಜೆಯ ಮೇಲಲ್ಲ, ವೀಸಾ ರದ್ದು ಮಾಡಿ. "ಖಲಾಸ್, ಗ್ಯಾಸ್ ಮಂತ್ರಿ," ಎಂದು ನನ್ನ ಕೈ ಅದುಮಿ ಹೊರಟ. ಕೊಕ್ಕಿಲ್ಲದ ಮುಖ ಕುಣಿಯುವುದಿಲ್ಲ ಎಂದಷ್ಟೇ ಹೇಳಿದ.

ಮ್ಯಾನೇಜರ್ ಈಗ ಊರಲ್ಲಿ ದೈವಸ್ಥಾನದ ಸಮಿತಿಯ ಅಧ್ಯಕ್ಷರು. ವರ್ಷವರ್ಷವೂ ದೈವ ಕುಣಿಯುವ ನೇಮಕ್ಕೆ ಕರೆಯುತ್ತಾರೆ. ಬಿಪಿಯ ನೆಪ ಹೇಳುತ್ತೇನೆ. ಡಾಕ್ಟರು ಉಪ್ಪು ಬಿಡಲು ಹೇಳಿದ್ದಾರೆ. ಸಿಟ್ಟು ಬಿಡಲು ಹೇಳಿಲ್ಲ.

ಅವನು ಇದ್ದಾನೋ ಇಲ್ಲವೋ... ಹುಡುಕಲು ನನ್ನ ಬಳಿ ಒಂದು ವಿಳಾಸವೂ ಇಲ್ಲ. ಆ ಈದ್‌ನ ದಿನ ಇಮಾಮರ ಮನೆಯ ಮುಂದೆ ಡೋಲು ಬಡಿದಾಗ, ನಾನು ಕಾಣದ ಅವನ ಮಗ ಬರಿಮುಖದಲ್ಲಿ ನಿಂತಿದ್ದನೇನೋ.