ಮಲಗಿದವರ ಅಳತೆ

ದರ್ಜಿಯವನು ಯಾರದೋ ಅಂಗಿಗೆಂದು ಅಳತೆಯ ಪಟ್ಟಿ ಬಿಚ್ಚಿದರೂ ಸಾಕು, ನನ್ನ ಎದೆ ಝಲ್ಲೆನ್ನುತ್ತದೆ. ನಗಬೇಡಿ. ಹಾವಿಗೆ ಹೆದರುವವರಿದ್ದಾರೆ, ಗುಡುಗಿಗೆ ಹೆದರುವವರಿದ್ದಾರೆ. ನಾನು ಅಳತೆಗೆ ಹೆದರುವವಳು. ನಿಂತವರನ್ನು ಬಟ್ಟೆಗಾಗಿ ಅಳೆಯುತ್ತಾರೆ, ಮಲಗಿದವರನ್ನು ಚಟ್ಟಕ್ಕಾಗಿ ಮಾತ್ರ ಅಳೆಯುತ್ತಾರೆಂಬುದು ನಮ್ಮ ಧಾರವಾಡದ ಮನೆಯಲ್ಲಿ ಸಣ್ಣ ಮಕ್ಕಳಿಗೂ ತಿಳಿದ ಸಂಗತಿಯಾಗಿತ್ತು.

ಯಜಮಾನರಿಗೆ ರೇಲ್ವೆ ಕಚೇರಿಯಲ್ಲಿ ಕೆಲಸ ಸಿಕ್ಕು ನಾವು ಪುಣೆಯ ಲಷ್ಕರ ಭಾಗದ ಒಂದು ಸಾಲುಮನೆಯ ಚಾಳಿನಲ್ಲಿ ಬಿಡಾರ ಹೂಡಿದ್ದೆವು. ಅಲ್ಲಿ ನಮ್ಮ ಒಬ್ಬಳೇ ಮಗಳು, ಆರು ವರ್ಷದ ಗೌರಾ, ವಿಷಮಜ್ವರ ಹಿಡಿದು ಮಲಗಿದಳು. ಆ ಕಾಲಕ್ಕೆ ಆ ಜ್ವರಕ್ಕೆ ಮದ್ದೆಂಬುದಿರಲಿಲ್ಲ. ಡಾಕ್ಟರರು ಬಂದು, ನಾಡಿ ಹಿಡಿದು, ಗಂಜಿನೀರು ಕುಡಿಸಿರೆಂದು ಹೇಳಿ, ನನ್ನ ಮುಖ ನೋಡದೆ ಮೆಟ್ಟಿಲಿಳಿದು ಹೋಗಿಬಿಡುತ್ತಿದ್ದರು. ಜ್ವರಕ್ಕಿಂತ ನಾನು ಅವರು ಹಾಗೆ ಮುಖ ತಪ್ಪಿಸುವುದಕ್ಕೇ ಹೆಚ್ಚು ಹೆದರಿದೆ. ಮಗು ನನ್ನನ್ನು ಗುರುತಿಸದೆ ಗೋಡೆಯೊಡನೆ ಮಾತಾಡುತ್ತಿತ್ತು.

ಎದುರು ಖೋಲಿಯಲ್ಲಿ ರೋಜಾಬಾಯಿ ಇದ್ದರು, ಬೆಳಗಾವಿಯ ಕಡೆಯ ಕ್ರೈಸ್ತ ವಿಧವೆ. ನಮ್ಮ ಜೊತೆಗಿದ್ದ ಅತ್ತೆಯ ಮಡಿಗೆ ಅಂಜಿ ಹೊಸ್ತಿಲಾಚೆಯೇ ಕುಳಿತು ಅವರು ನನಗೆ ಒಬ್ಬ ಸಂತನ ಕಥೆ ಹೇಳುತ್ತಿದ್ದರು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಫ್ರಾನ್ಸಿನ ಕಡೆ ಅವನ ಸಮಾಧಿಗೆ ಕುಂಟರು, ಕುರುಡರು, ಜ್ವರದವರು ತಂಡೋಪತಂಡವಾಗಿ ಬರುತ್ತಿದ್ದರಂತೆ. ಕಲ್ಲಿನ ಧೂಳನ್ನು ಕೆರೆದು ನೀರಲ್ಲಿ ಕದಡಿ ಕುಡಿದರೆ ಹೊಟ್ಟೆನೋವು ಮಾಯ, ಅಲ್ಲಿಯ ದೀಪದೆಣ್ಣೆ ಸವರಿದರೆ ಮುದುರಿದ ಬೆರಳು ನೇರ. ಅದೇ ಸಮಾಧಿಯ ಮುಂದೆ ಸುಳ್ಳು ಆಣೆ ಮಾಡಿದವನು ನಿಂತಲ್ಲೇ ಬಿದ್ದು ಸತ್ತನಂತೆ. ರೋಜಾಬಾಯಿಗೆ ಇದೆಲ್ಲ ಭರವಸೆಯ ಕಥೆ. ನನಗೋ ಕೇಳುತ್ತ ಕೇಳುತ್ತ ಕೈಕಾಲು ತಣ್ಣಗಾಗುತ್ತಿತ್ತು. ಗುಣವಾದವರ ಹೆಸರನ್ನು ಜನ ನೆನಪಿಟ್ಟರು. ಅಷ್ಟೇ ದೂರ ನಡೆದು, ಅದೇ ಧೂಳು ಕುಡಿಸಿ, ಬರಿಗೈಯಲ್ಲಿ ಹಿಂತಿರುಗಿದ ತಾಯಂದಿರು ಎಷ್ಟು ಮಂದಿಯೋ, ಅವರ ಕಥೆಯನ್ನು ಯಾರು ಹೇಳಬೇಕು? ಕೊಡಬಲ್ಲವನು ಕೊಡದೆಯೂ ಇರಬಲ್ಲ, ಸ್ನೇಹಿತರೇ. ಪವಾಡದ ಮಾತು ಬಂದಾಗಲೆಲ್ಲ ನನಗೆ ಭಯವಾಗುವುದು ಇದಕ್ಕೇ.

ಒಂದು ಮಧ್ಯಾಹ್ನ ರೋಜಾಬಾಯಿ ದಾರದ ಉಂಡೆ ಹಿಡಿದು ಹೊಸ್ತಿಲು ದಾಟಿ ಒಳಗೇ ಬಂದರು.

“ತಂಗೀ, ಕೂಸಿನ ಉದ್ದ ತಗೋತೀನಿ. ಅಷ್ಟ ಉದ್ದದ ಬತ್ತಿ ಮಾಡಿ, ಮೇಣದಾಗ ಅದ್ದಿ, ಸಂತನ ಹೆಸರಲೆ ಚರ್ಚಿನ್ಯಾಗ ಹಚ್ಚತೀನಿ. ಬತ್ತಿ ಉರದಾಂಗ ಜ್ವರಾ ಇಳೀತದ. ಆ ಕಾಲದಾಗೂ ಹಿಂಗ ಮಾಡ್ತಿದ್ರಂತ.”

ಅತ್ತೆ ಜಪಮಾಲೆ ಬಿಟ್ಟು ಎದ್ದೇಬಿಟ್ಟರು. “ಅಯ್ಯ ರಾಮಾ! ಮಲಗಿದ ಕೂಸಿಗೆ ದಾರಾ ಹಿಡೀತೀಯೇನವಾ? ನಾವೇನು ಚಟ್ಟಾ ಕಟ್ಟಲಿಕ್ಕೆ ಕೂತೇವೇನು?”

“ತಪ್ಪು ತಿಳೀಬ್ಯಾಡ್ರಿ ಅವ್ವಾರ. ಇದು ಬದುಕೋ ಅಳತಿ ಅದರಿ.”

ನಾನು ನಡುವೆ ಸಿಕ್ಕಿಬಿದ್ದೆ. ಅಳೆಯಗೊಟ್ಟರೆ ನಮ್ಮವರ ನಂಬಿಕೆಯಂತೆ ನನ್ನ ಕೈಯಾರೆ ಮಗಳನ್ನು ಕಳಿಸಿದಂತೆ. ಬೇಡವೆಂದರೆ, ಮನೆ ಬಾಗಿಲಿಗೆ ಬಂದ ಆ ಮುನಿಸಿನ ಸಂತನನ್ನು ತಿರುಗಿ ಕಳಿಸಿದಂತೆ. “ನನ್ನ ಅಳೀರಿ, ರೋಜಾಬಾಯಿ. ಕೂಸಿನ ಬದಲಿ ನನ್ನ ಅಳೀರಿ,” ಎಂದೆ.

“ನೀ ಸುಮ್ಮ ಕೂಡು,” ಅತ್ತೆ ಗದರಿದರು. “ಅಕಸ್ಮಾತ್ ನೀ ಹೋದ್ರ ಕೂಸಿನ್ನ ನೋಡವರು ಯಾರು?”

ಹೀಗೆಂದವರೇ ಸೆರಗು ಸರಿಮಾಡಿಕೊಂಡು ಗೌರಾಳ ಹಾಸಿಗೆಯ ಪಕ್ಕದಲ್ಲಿ ಬರಿನೆಲದ ಮೇಲೆ ನೆಟ್ಟಗೆ ಮಲಗಿದರು.

“ನಂದು ತಗೋರಿ. ಒಯ್ಯೂದ ಆದ್ರ ನನ್ನ ಅಳತೀದ ಒಯ್ಲಿ.”

ಹೊಸ್ತಿಲಾಚೆ ಕೂತವರ ನೆರಳು ಸೋಂಕಿದರೂ ಸ್ನಾನ ಮಾಡುತ್ತಿದ್ದ ನನ್ನ ಅತ್ತೆಯ ಹಣೆಯ ಮೇಲೆ ರೋಜಾಬಾಯಿ ದಾರದ ತುದಿಯೊತ್ತಿ, ಇನ್ನೊಂದು ತುದಿಯನ್ನು ಹಿಮ್ಮಡಿಯವರೆಗೆ ಎಳೆದರು. ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿದ್ದರು. ನನ್ನ ಕೈಯನ್ನು ಅವರು ಯಾವಾಗ ಹಿಡಿದರೋ, ನನ್ನ ಬಳೆ ಮುಂಗೈಗೆ ಒತ್ತಿ ಗುರುತು ಬಿದ್ದಿತ್ತು. ನಮ್ಮೆಲ್ಲರಿಗಿಂತ ಅವರೇ ಹೆಚ್ಚು ಹೆದರಿದ್ದರು. ಮುಗಿದ ಮೇಲೆ ತಾವಾಗಿ ಏಳಲಾಗಲಿಲ್ಲ; ನಾವಿಬ್ಬರೂ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ಬತ್ತಿ ಉರಿಯಿತು. ಜ್ವರ ಅಂದೇ ಇಳಿಯಲಿಲ್ಲ. ನಮ್ಮನ್ನು ಇನ್ನಷ್ಟು ಕಾಡಿಸಿ, ತನಗೆ ಬೇಸರ ಬಂದಂತೆ ಮೆಲ್ಲಗೆ ಹೊರಟುಹೋಯಿತು. ಜ್ವರಕ್ಕೆ ಅದರದೇ ಅವಧಿ ಇರುತ್ತದೆ ಎಂದರು ಡಾಕ್ಟರರು, ಈ ಸಲ ನನ್ನ ಮುಖ ನೋಡಿಯೇ. ಸಂತನ ಕೃಪೆ ಎಂದರು ರೋಜಾಬಾಯಿ. ನಾನು ಇಬ್ಬರಿಗೂ ಹೌದೆಂದೆ, ಯಾರನ್ನೂ ಎದುರು ಹಾಕಿಕೊಳ್ಳುವ ಧೈರ್ಯ ನನಗೆ ಉಳಿದಿರಲಿಲ್ಲ.

ಆಮೇಲೆ ಅತ್ತೆ ಬಹಳ ವರ್ಷ ಬದುಕಿದರು. ಗೌರಾಳ ಮದುವೆಯಲ್ಲಿ ಬೀಗರೊಡನೆ ಜಗಳವನ್ನೂ ಆಡಿದರು. ಆದರೆ ಅಂದಿನಿಂದ ಒಂದು ದಿನವೂ ಅವರು ಕಾಲು ಚಾಚಿ ಮಲಗಿದ್ದನ್ನು ನಾನು ಕಾಣೆ. ಮೊಣಕಾಲನ್ನು ಎದೆಗೊತ್ತಿ, ಮುದುಡಿಕೊಂಡು, ಕೂಸಿಗಿಂತ ಗಿಡ್ಡಾಗಿ ಮಲಗುತ್ತಿದ್ದರು.

“ಯಾಕ್ರಿ ಅತ್ಯಾ, ಕಾಲು ನೋಯೂದಿಲ್ಲೇನ್ರಿ?” ಎಂದರೆ,

“ಥಂಡಿ ಭಾಳ ಅದವಾ,” ಎನ್ನುತ್ತಿದ್ದರು, ಪುಣೆಯ ವೈಶಾಖದ ಬಿಸಿಲಿನಲ್ಲಿ.