ಅವಳ ಪಾಲಿನ ಮಾತು

ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಮೂವತ್ತು ವರ್ಷ ಆಳಂದದಲ್ಲಿ ಕನ್ನಡ ಮಾಸ್ತರನಾಗಿದ್ದೆ. ನಿವೃತ್ತಿಯಾದದ್ದು ನೌಕರಿಗೆ, ಬಾಯಿಗಲ್ಲ. ಮದುವೆಮನೆಯಲ್ಲಿ ಮೈಕು ನನ್ನ ಕೈಗೆ ಸಿಕ್ಕರೆ ವಧೂವರರು ಹಸಿದುಕೊಂಡೇ ಕೂರಬೇಕು. ಇದಕ್ಕೆ ಕಾರಣವನ್ನೂ ನಾನೇ ಸಂಶೋಧಿಸಿದ್ದೇನೆ. ನಮ್ಮೂರು ಅಫಜಲಪುರ ತಾಲ್ಲೂಕಿನ ಮಣ್ಣೂರು. ಭೀಮಾ ಹೊಳೆಯ ಆಚೆ ದಂಡೆಯವರನ್ನು ಕೂಗಿ ಕೂಗಿಯೇ ನಮ್ಮ ಹಿರಿಯರ ಗಂಟಲು ಪಳಗಿದ್ದು. ಎದುರಿಗೆ ಕೂತವರನ್ನೂ ನಾವು ಆಚೆ ದಂಡೆಯವರೆಂದೇ ತಿಳಿಯುತ್ತೇವೆ.

ಇಂಥವನ ಹೊಟ್ಟೆಯಲ್ಲಿ ನೀಲಾ ಹುಟ್ಟಿದಳು. ಒಬ್ಬಳೇ ಮಗಳು. ಏನು ಕೇಳಿದರೂ 'ಹೂಂ'. ಮನಸ್ಸಿಲ್ಲದಿದ್ದರೆ ಅದೂ ಇಲ್ಲ. ನನಗದು ಅವಮಾನವಾಗಿತ್ತು, ಸುಳ್ಳೇಕೆ ಹೇಳಲಿ. ಏಳನೆಯ ತರಗತಿಯಲ್ಲಿದ್ದಾಗ ಆಗಸ್ಟ್ ಹದಿನೈದಕ್ಕೆಂದು ಎಂಟು ಪುಟದ ಭಾಷಣ ಬರೆದು ಬಾಯಿಪಾಠ ಮಾಡಿಸಿದೆ. 'ಎಲ್ಲರಿಗೂ ನಮಸ್ಕಾರ' ಎಂದವಳು ಅಲ್ಲಿಗೇ ನಿಂತಳು. ನಾನೇ ಎದ್ದುಹೋಗಿ ಮೈಕು ಕಸಿದುಕೊಂಡು ಎಂಟೂ ಪುಟ ಒಪ್ಪಿಸಿದೆ. ಚಪ್ಪಾಳೆ ಜೋರಾಗಿಯೇ ಬಿತ್ತು. ಅವಳು ಪಕ್ಕದಲ್ಲಿ ಜಡೆಯ ರಿಬ್ಬನ್ನು ಜಗಿಯುತ್ತ ನಿಂತಿದ್ದಳು.

ಜೇವರ್ಗಿಯವರು ಹೆಣ್ಣು ನೋಡಲು ಬಂದಾಗಲೂ ಅಷ್ಟೇ. ಹುಡುಗನ ಸೋದರಮಾವ ಪದ್ಧತಿಯಂತೆ, "ಹೆಸರೇನವ್ವಾ?" ಎಂದರು. ನಾನು ಹೆಸರು ಹೇಳಿ, ಅದನ್ನಿಟ್ಟ ಕಾರಣವನ್ನೂ ವಿವರಿಸಿದೆ. "ಏನ್ ಓದಿಯವ್ವಾ?" ನಾನೇ ಹೇಳಿದೆ. ಅಡುಗೆಯ ಪ್ರಶ್ನೆಗೂ ನಾನೇ. ಅವರಿಗೆ ಸಾಕಾಗಿಹೋಯಿತು.

"ಮಾಸ್ತರ್ರ, ಹುಡುಗಿಗಿ ಮಾತು ಬರ್ತಾವಿಲ್ಲೋ?"

"ಬರ್ತಾವ್ರಿ," ಎಂದೆ ನಾನು.

ಎಲ್ಲರೂ ನಕ್ಕರು. ಅವಳು ಚಹಾದ ತಟ್ಟೆಯನ್ನೇ ನೋಡುತ್ತಿದ್ದಳು. ಸಂಬಂಧ ಕುದುರಿತು. ಈ ಪ್ರಸಂಗ ಹೇಳಿ ಎಷ್ಟು ಮದುವೆಗಳಲ್ಲಿ ನಗಿಸಿದ್ದೇನೋ ಲೆಕ್ಕವಿಲ್ಲ.

ಹೋದ ತಿಂಗಳು ಅಂದೋಲಾ ಮಠಕ್ಕೆ ಹೋಗಿದ್ದವನು ಬರುವಾಗ ತಿಳಿಸದೆ ಮಗಳ ಮನೆಗೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗೆ ಯಾರೋ ಕತೆ ಹೇಳುವುದು ಕೇಳಿಸಿತು. ಕತೆ ನನ್ನದೇ, ಆ ಎಂಟು ಪುಟದ್ದು. ದನಿಯೂ ನನ್ನದೇ: ನನ್ನ ಕೆಮ್ಮು, ನನ್ನ ರಾಗ, ಒಂದೂ ಬಿಟ್ಟಿರಲಿಲ್ಲ. ಹೇಳುತ್ತಿದ್ದವಳು ನೀಲಾ.

"ನಮ್ಮಪ್ಪ ಉಸರು ತಗೊಂಡಾಗ ನಾ ಮಾತಾಡಬೇಕಂತ ಕಾಯ್ತಿದ್ದೆ ಅತ್ತಿ. ಅವ್ರು ತಗೊಳ್ಳಲೇ ಇಲ್ಲ."

"ಸಾಕ್ ಬಿಡವ್ವಾ, ನಕ್ಕು ನಕ್ಕು ಹೊಟ್ಟಿ ನೋಯಾಕತ್ತದ," ಎನ್ನುತ್ತಿದ್ದರು ಅವಳ ಅತ್ತೆ.

ನಾನು ಒಳಗೆ ಹೋದೆ. ಮಾತು ನಿಂತಿತು. "ಬರ್ರಿ ಅಪ್ಪಾ," ಎಂದು ನೀರು ಕೊಟ್ಟು, ಗೋಡೆಗೊರಗಿ ಕೂತಳು, ನಾನು ಶುರುಮಾಡಲೆಂದು. ನನ್ನಂತಲ್ಲ ಎಂದು ಇಷ್ಟು ವರ್ಷ ಮರುಗಿದ ಮಗಳು ನನಗಿಂತ ಚೆನ್ನಾಗಿ ಕತೆ ಹೇಳುತ್ತಿದ್ದಳು, ನಾನಿಲ್ಲದ ಮನೆಯಲ್ಲಿ. ನಾಚಿಕೆಯಾಯಿತು, ಆ ಅತ್ತೆಯ ಮೇಲೆ ಹೊಟ್ಟೆಕಿಚ್ಚೂ ಆಯಿತು. ಈ ಸಲ ಅವಳೇ ಮಾತಾಡಲಿ ಎಂದು ಬಾಯಿ ಬಿಗಿಹಿಡಿದೆ. ಚಹಾ ಬಂತು, ಕುಡಿದೆ, ಲೋಟ ಇಟ್ಟೆ.

ನೀಲಾ ಗಾಬರಿಯಿಂದ ಎದ್ದುಬಂದು ನನ್ನ ಹಣೆ ಮುಟ್ಟಿದಳು. "ಯಾಕ್ರಿ ಅಪ್ಪಾ, ಆರಾಮ ಇಲ್ಲೇನ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಅತ್ತೆ, "ಬಿಸಲಾಗ ಬಂದು ದಣದಾರವ್ವಾ," ಎಂದು ನನ್ನ ಉತ್ತರವನ್ನೂ ಹೇಳಿಬಿಟ್ಟರು.