ಹೊಗೆಯ ಕಾವಿನ ಮೇಸ್ತ್ರಿ

ರಾಯದುರ್ಗದ ಡೀಸೆಲ್ ಮೇಸ್ತ್ರಿ ಬೊಮ್ಮಣ್ಣನ ಶೆಡ್ಡಿಗೆ ಬ್ರೇಕ್ ಕೆಟ್ಟ ಲಾರಿ ಬರಲಿ, ಬಲ್ಬ್ ಹೋದ ಲಾರಿ ಬರಲಿ, ಅವನ ಮೊದಲ ಪ್ರಶ್ನೆ ಒಂದೇ: “ಹೊಗಿ ಕಾವು ಎಷ್ಟೈತ್ರಿ?” ಗೊತ್ತಿಲ್ಲ ಎಂದವರನ್ನು, ಮಗುವಿನ ಜ್ವರ ಮುಟ್ಟಿ ನೋಡದ ತಂದೆಯನ್ನು ಬೈಯುವಂತೆ ಬೈಯುತ್ತಾನೆ. ಕಾವು ಅಳೆಯುವ ಮೀಟರಿನ ಕಡ್ಡಿ ತೂರಿಸಲು ಅವನು ಒಪ್ಪುವ ಜಾಗವೂ ಒಂದೇ: ಇಂಜಿನ್ನಿನ ಹೊಗೆಯೆಲ್ಲ ಒಂದಾಗಿ, ಆ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಸೇರುವ ಮೊದಲಿನ ಕೊಳವೆ. ಕೊರೆದ ಚೂರು ಒಳಗೆ ಬೀಳದಂತೆ ಡ್ರಿಲ್ಲಿನ ಮೂತಿಗೆ ಗ್ರೀಸ್ ಮೆತ್ತುತ್ತಾನೆ. ಮೀಟರಿನ ಗಾಜಿನ ಮೇಲೆ ಅಪಾಯದ ಗೆರೆ ಎಳೆಯಲು, ಜೀನ್ಸ್ ಹೊಲಿಯಲು ಹೋಗುವ ಮಗಳ ಉಗುರುಬಣ್ಣ ಕದ್ದು ತರುತ್ತಾನೆ. ಅಹಮದಾಬಾದಿನಿಂದ ಜೀನ್ಸ್ ಬಟ್ಟೆ ತರುವ ಡ್ರೈವರ್ ಮಾರೇಶ ಮೀಟರ್ ಹಾಕಿಸಲು ಬಂದ, ಆದರೆ ಕೊಳವೆ ಕೊರೆಯುವುದೆಂದರೆ ಅವನಿಗೆ ಹೆದರಿಕೆ. ಒಮ್ಮೆ ಅವನ ಲಾರಿಯ ಇಂಜಿನ್ ಸುಟ್ಟಿತ್ತು, ಇನ್ನೊಮ್ಮೆ ಸುಟ್ಟರೆ ಕೆಲಸ ಹೋಗುತ್ತಿತ್ತು. “ತೂತು ಯಾಕ ಕೊರೀತೀರಿ ಮೇಸ್ತ್ರಿ, ಸೈಲೆನ್ಸರಿಗೆ ಹಾಕ್ರಿ” ಎಂದ. ಬೊಮ್ಮಣ್ಣ ಗೋಡೆಗೆ ತೂಗುಹಾಕಿದ್ದ ಕರಗಿದ ಪಿಸ್ಟನ್ ತೋರಿಸಿದ. “ಹಿಂದ ಒಬ್ಬರ ಲಾರಿಗೆ ಅಲ್ಲೇ ಹಾಕಿದ್ದೆ ತಮ್ಮಾ. ಟರ್ಬೊ ದಾಟಿದ ಹೊಗಿ ಆರಿರ್ತದ, ಮೀಟರ್ ಕಮ್ಮಿ ತೋರಿಸ್ತು, ಆ ಡ್ರೈವರ್ ನಂಬಿದ, ಪಿಸ್ಟನ್ ಕರಗ್ತು. ಇದು ನನ್ನ ತಪ್ಪು.” ಮಾರೇಶ ಬಾನೆಟ್ ಎತ್ತಿಕೊಟ್ಟ. ಹದಿನೈದು ದಿನದ ಮೇಲೆ ಹಾರ್ನ್ ಒತ್ತಿ ಹಿಡಿದೇ ಶೆಡ್ಡಿಗೆ ನುಗ್ಗಿದ: “ಘಾಟಿನ್ಯಾಗ ಮೀಟರಿನ ಮುಳ್ಳು ನಿಮ್ಮ ಗೆರಿ ಕಡಿ ಏರ್ತಿದ್ದಂಗ ಗೇರ್ ಇಳಿಸಿದೆ, ಮುಳ್ಳೂ ಇಳೀತ್ರಿ! ಫುಲ್ ಲೋಡು, ಎಲ್ಲೂ ನಿಲ್ಲಿಸಿಲ್ಲ! ಡ್ರೈವರ್ ಸೀಟು ನಂದ ಉಳೀತ್ರಿ ಮೇಸ್ತ್ರಿ!”